ದಿನಕ್ಕೊಂದು ಚೀಟಿ, ದಿನಕ್ಕೊಂದು ಚಿತ್ರ

ಮೊಮ್ಮಗುವಿನ ಕೈಯಲ್ಲಿ ಮೊಬೈಲು, ಅಜ್ಜಿಯ ಬಾಯಲ್ಲಿ ಕಥೆ. ಎರಡನ್ನೂ ದಿನಕ್ಕೆ ಹತ್ತು ನಿಮಿಷ ಒಟ್ಟಿಗೆ ಕೂರಿಸಿದರೆ ತಿಂಗಳೊಪ್ಪತ್ತಿನಲ್ಲಿ ಮನೆಗೊಂದು ಹೊಸ ಆಲ್ಬಂ ಸಿದ್ಧ.

ಬೀರುವಿನಲ್ಲಿರುವ ಹಳೆಯ ಆಲ್ಬಂ ತೆಗೆದು ಒಂದು ಲೆಕ್ಕ ಹಾಕಿ ನೋಡಿ. ಅದರಲ್ಲಿ ಅಜ್ಜಿಯ ಫೋಟೋ ಎಷ್ಟಿವೆ? ಮದುವೆಯದು ಒಂದು. ಯಾರದೋ ನಾಮಕರಣದ ಗುಂಪಿನಲ್ಲಿ ಅಂಚಿಗೆ ನಿಂತದ್ದು ಇನ್ನೊಂದು. ಗೃಹಪ್ರವೇಶದ ದಿನದ್ದು ಮತ್ತೊಂದು. ಅದು ಬಿಟ್ಟರೆ ಆಧಾರ್ ಕಾರ್ಡಿನ ಮೇಲಿರುವ ಗಾಬರಿಯ ಮುಖ.

ಈಗ ಎರಡನೆಯ ಲೆಕ್ಕ. ಅಜ್ಜಿ ಮುದ್ದೆ ತಿರುವುತ್ತಿರುವ ಫೋಟೋ ಇದೆಯೇ? ಮೊರದಲ್ಲಿ ರಾಗಿ ಕೇರುತ್ತಿರುವುದು? ಅಜ್ಜ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ಪೇಪರ್ ಓದುತ್ತಿರುವುದು? ಬಹುತೇಕ ಮನೆಗಳಲ್ಲಿ ಉತ್ತರ ಒಂದೇ: ಇಲ್ಲ. ಐವತ್ತು ವರ್ಷ ದಿನಾ ಮಾಡಿದ ಕೆಲಸದ ಒಂದು ಚಿತ್ರವೂ ಇಲ್ಲ. ಒಂದೇ ದಿನ ಉಟ್ಟ ಸೀರೆಯ ಚಿತ್ರ ಮಾತ್ರ ಚೌಕಟ್ಟಿನೊಳಗೆ ಭದ್ರವಾಗಿದೆ.

ಇದು ಯಾರ ತಪ್ಪೂ ಅಲ್ಲ. ಆಗ ಫೋಟೋ ಎಂದರೆ ಖರ್ಚಿನ ಮಾತು. ಸ್ಟುಡಿಯೋಗಳ ದಪ್ಪ 120 ಫಿಲಂ ಸುರುಳಿಯಲ್ಲಿ ಚೌಕ ಚಿತ್ರವಾದರೆ 12 ಬರುತ್ತಿದ್ದವು. ಆಮೇಲೆ ಬಂದ ಸಣ್ಣ ಕ್ಯಾಮೆರಾದ ಸುರುಳಿಯಲ್ಲಿ 36. ಒಂದೊಂದನ್ನೂ ತೊಳೆಸಬೇಕು, ಪ್ರಿಂಟ್ ಹಾಕಿಸಬೇಕು. ಅಷ್ಟು ಬೆಲೆಯ ಫಿಲಂ ಅನ್ನು ಮುದ್ದೆ ತಿರುವುವುದಕ್ಕೆ ಯಾರು ಖರ್ಚು ಮಾಡುತ್ತಾರೆ? ಹಾಗಾಗಿ ಹಬ್ಬ ಉಳಿಯಿತು, ದಿನ ಉಳಿಯಲಿಲ್ಲ.

ಈಗ ಆ ಖರ್ಚಿಲ್ಲ. ಮನೆಯ ಮೊಬೈಲಿನಲ್ಲಿ ಸಾವಿರ ಚಿತ್ರಗಳಿವೆ. ಆದರೆ ಅವನ್ನೂ ಒಮ್ಮೆ ತಿರುವಿ ನೋಡಿ. ಶುಭೋದಯದ ಹೂಗುಚ್ಛ, ಮದುವೆಯ ಊಟದ ಎಲೆ, ಒಂದೇ ಮುಖದ ಮೂವತ್ತು ಸೆಲ್ಫಿ. ಅಜ್ಜಿಯ ಕೈ ಅಲ್ಲೂ ಇಲ್ಲ. ಅದನ್ನು ಉಳಿಸಲು ಮನೆಯವರೇ ಆಡಬಹುದಾದ ಒಂದು ಆಟ ಇಲ್ಲಿದೆ.

ಆಟದ ನಿಯಮ

ಹಳೆಯ ಬಿಸ್ಕತ್ತಿನ ಡಬ್ಬ ಒಂದು, ಸಣ್ಣ ಚೀಟಿಗಳು, ಇನ್ನೂರು ಪುಟದ ಒಂದು ನೋಟ್‌ಬುಕ್, ಮನೆಯಲ್ಲಿರುವ ಯಾವುದಾದರೂ ಮೊಬೈಲ್. ಇಷ್ಟೇ ಸಾಮಾನು.

ಪ್ರತಿ ಚೀಟಿಯ ಮೇಲೆ ಆ ದಿನ ಏನನ್ನು ಚಿತ್ರ ತೆಗೆಯಬೇಕು ಎಂದು ಒಂದು ಸಾಲು ಬರೆದಿರುತ್ತದೆ. ಬೆಳಿಗ್ಗೆ ಚೀಟಿ ಎತ್ತುವುದು ಅಜ್ಜ ಅಥವಾ ಅಜ್ಜಿಯ ಕೆಲಸ. ರಾತ್ರಿ ಊಟದೊಳಗೆ ಚಿತ್ರ ತೆಗೆಯುವುದು ಮಕ್ಕಳ ಕೆಲಸ. ಎಷ್ಟು ಬೇಕಾದರೂ ತೆಗೆಯಬಹುದು, ಆದರೆ ದಿನದ ಕೊನೆಗೆ ಉಳಿಯಬೇಕಾದದ್ದು ಒಂದೇ. ಯಾವುದು ಉಳಿಯಬೇಕೆಂದು ಇಬ್ಬರೂ ಕೂತು ಚರ್ಚೆ ಮಾಡಿ ಆರಿಸಬೇಕು. ‘ಇದು ಯಾಕೆ, ಅದು ಯಾಕಲ್ಲ’ ಎಂಬ ಆ ಚರ್ಚೆಯೇ ಈ ಆಟದ ನಿಜವಾದ ಪಾಠ.

ಆಮೇಲೆ ನೋಟ್‌ಬುಕ್ಕಿನಲ್ಲಿ ನಾಲ್ಕು ವಿಷಯ ಬರೆಯಬೇಕು: ತಾರೀಕು, ಜಾಗ, ಚಿತ್ರದಲ್ಲಿರುವವರು ಅಥವಾ ವಸ್ತು, ಅಜ್ಜ-ಅಜ್ಜಿ ಅದರ ಬಗ್ಗೆ ಹೇಳಿದ ಒಂದು ಮಾತು. ಮಾತನ್ನು ಅವರು ಹೇಳಿದ ಹಾಗೆಯೇ ಬರೆಯಿರಿ, ಪರೀಕ್ಷೆಯ ಉತ್ತರದಂತೆ ತಿದ್ದಬೇಡಿ.

ದಿನಕ್ಕೊಂದೇ ಚಿತ್ರ ಎಂಬ ನಿಯಮವನ್ನು ಬದುಕಿಡೀ ಪಾಲಿಸಿದವರೊಬ್ಬರಿದ್ದಾರೆ. ಅಮೆರಿಕದ ಜೇಮಿ ಲಿವಿಂಗ್‌ಸ್ಟನ್ 1979ರ ಮಾರ್ಚ್ 31ರಂದು ಒಂದು ಪೋಲರಾಯ್ಡ್ ಚಿತ್ರ ತೆಗೆದರು. ಅಲ್ಲಿಂದ ದಿನಕ್ಕೊಂದರಂತೆ 18 ವರ್ಷ ತೆಗೆಯುತ್ತಲೇ ಹೋದರು. ಕೊನೆಯ ಚಿತ್ರ 1997ರ ಅಕ್ಟೋಬರ್ 25ರದು, ಅವರು ಕಾಯಿಲೆಯಿಂದ ತೀರಿಕೊಂಡ ದಿನದ್ದು. ಒಟ್ಟು ಆರು ಸಾವಿರಕ್ಕೂ ಹೆಚ್ಚು. ಅದರಲ್ಲಿ ಊಟದ ತಟ್ಟೆ, ಗೆಳೆಯರು, ಬೀದಿ, ಕೋಣೆ ಹೀಗೆ ಸಾಮಾನ್ಯ ಸಂಗತಿಗಳೇ ಹೆಚ್ಚು. ಬಿಡಿಬಿಡಿಯಾಗಿ ನೋಡಿದರೆ ಏನೂ ಇಲ್ಲ. ಸಾಲಾಗಿ ಜೋಡಿಸಿದರೆ ಒಬ್ಬ ಮನುಷ್ಯನ ಇಡೀ ಬದುಕು.

ನಾವು ಹದಿನೆಂಟು ವರ್ಷದ ಮಾತು ಆಡುವುದು ಬೇಡ. ನಾಲ್ಕು ವಾರ ಸಾಕು.

ಮೊದಲ ಫೋಟೋ ಕೂಡ ಮನೆಯದೇ

‘ಮನೆಯಲ್ಲಿ ಏನಿದೆ ಫೋಟೋ ತೆಗೆಯೋಕೆ?’ ಎಂದು ಕೇಳುವವರಿಗೆ ಒಂದು ಕಥೆ. ಇಂದಿಗೂ ಉಳಿದಿರುವ, ಕ್ಯಾಮೆರಾದಿಂದ ತೆಗೆದ ಅತಿ ಹಳೆಯ ಫೋಟೋ ಯಾವುದರದು ಗೊತ್ತೇ? ರಾಜನದಲ್ಲ, ಅರಮನೆಯದಲ್ಲ. ಫ್ರಾನ್ಸ್ ದೇಶದ ನೀಸೆಫೋರ್ ನಿಯಪ್ಸ್ ಎಂಬುವರು 1826–27ರ ಹೊತ್ತಿಗೆ ತಮ್ಮ ಮನೆಯ ಮಹಡಿಯ ಕಿಟಕಿಯಿಂದ ಕಂಡ ಪಕ್ಕದ ಕಟ್ಟಡಗಳ ಸೂರು ಮತ್ತು ಅಂಗಳ ಅದು. ಲೋಹದ ತಗಡಿಗೆ ಒಂದು ಬಗೆಯ ಡಾಂಬರು ಸವರಿ ಕ್ಯಾಮೆರಾದೊಳಗೆ ಇಟ್ಟರು. ಚಿತ್ರ ಮೂಡಲು ಕನಿಷ್ಠ ಎಂಟು ಗಂಟೆ ಬೇಕಾಯಿತು. ಅಷ್ಟರಲ್ಲಿ ಸೂರ್ಯ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೋಗಿದ್ದ. ಹಾಗಾಗಿ ಆ ಚಿತ್ರದಲ್ಲಿ ಎದುರುಬದುರಾದ ಎರಡು ಗೋಡೆಗಳ ಮೇಲೂ ಬಿಸಿಲಿದೆ!

ಇಂಗ್ಲೆಂಡಿನ ಹೆನ್ರಿ ಫಾಕ್ಸ್ ಟಾಲ್ಬಟ್ 1835ರಲ್ಲಿ ಕಾಗದದ ಮೇಲೆ ಚಿತ್ರ ಮೂಡಿಸಿದರು. ಅದೂ ಅವರ ಮನೆಯ ಕಿಟಕಿಯದೇ. ಅಂಚೆ ಚೀಟಿಯಷ್ಟು ದೊಡ್ಡದು. ಅವರು ಮರದ ಪುಟ್ಟ ಪೆಟ್ಟಿಗೆಗಳಲ್ಲಿ ಕ್ಯಾಮೆರಾ ಮಾಡಿ ಮನೆಯ ಸುತ್ತ ಅಲ್ಲಲ್ಲಿ ಇಟ್ಟು ಬರುತ್ತಿದ್ದರು. ಅವರ ಹೆಂಡತಿ ಅವುಗಳಿಗೆ ಇಟ್ಟ ಹೆಸರು ‘ಇಲಿಬೋನು’!

1900ರಲ್ಲಿ ಕೊಡಾಕ್ ಕಂಪನಿ ‘ಬ್ರೌನಿ’ ಎಂಬ ಡಬ್ಬಿ ಕ್ಯಾಮೆರಾ ತಂದಿತು. ಬೆಲೆ ಒಂದೇ ಡಾಲರ್. ಮಕ್ಕಳೂ ಬಳಸಲಿ ಎಂದೇ ಅದನ್ನು ಮಾಡಿದ್ದು. ಮನೆಯ ಫೋಟೋ ಮನೆಯವರೇ ತೆಗೆಯುವ ರೂಢಿ ಜಗತ್ತಿನಲ್ಲಿ ಹರಡಿದ್ದು ಇಂಥ ಅಗ್ಗದ ಡಬ್ಬಿಗಳಿಂದ. ಈಗ ನಿಮ್ಮ ಜೇಬಿನಲ್ಲಿರುವುದು ಆ ಡಬ್ಬಿಯ ಮರಿಮೊಮ್ಮಗ.

ಶುರು ಮಾಡುವ ಮುನ್ನ

ನಾಲ್ಕು ಅಭ್ಯಾಸ ಸಾಕು. ಒಂದು, ಪಂಚೆಯ ಅಥವಾ ಹಳೆಯ ಹತ್ತಿ ಬಟ್ಟೆಯ ತುದಿಯಿಂದ ಲೆನ್ಸ್ ಒರೆಸಿ. ಮಸುಕು ಫೋಟೋಗಳಿಗೆ ಎಷ್ಟೋ ಸಲ ಬೆರಳಿನ ಜಿಡ್ಡೇ ಕಾರಣ. ಎರಡು, ಮೊಬೈಲನ್ನು ಎರಡು ಕೈಯಲ್ಲಿ ಹಿಡಿದು ಮೊಣಕೈಗಳನ್ನು ಪಕ್ಕೆಗೆ ಒತ್ತಿಕೊಳ್ಳಿ. ಮೂರು, ದೂರದಿಂದ ಜೂಮ್ ಮಾಡಬೇಡಿ, ಎರಡು ಹೆಜ್ಜೆ ಹತ್ತಿರ ಹೋಗಿ. ಅಜ್ಜಿ ನೆಲದ ಮೇಲೆ ಕೂತಿದ್ದರೆ ನೀವೂ ಕೂರಿ. ನಾಲ್ಕು, ಫ್ಲ್ಯಾಶ್ ಆರಿಸಿ, ಕಿಟಕಿ ತೆಗೆಯಿರಿ.

ಅಜ್ಜ-ಅಜ್ಜಿಯರೇ, ಕೈ ನಡುಗುತ್ತದೆ ಎಂದು ಹಿಂಜರಿಯಬೇಡಿ. ಮೊಬೈಲನ್ನು ಅಕ್ಕಿ ಅಳೆಯುವ ಸೇರಿಗೆ ಒರಗಿಸಿ ನಿಲ್ಲಿಸಿ, ಮೂರು ಸೆಕೆಂಡಿನ ಟೈಮರ್ ಹಾಕಿಸಿಕೊಳ್ಳಿ. ಸದ್ದು ಹೆಚ್ಚು-ಕಡಿಮೆ ಮಾಡುವ ಪಕ್ಕದ ಗುಂಡಿಯನ್ನು ಒತ್ತಿದರೂ ಹಲವು ಮೊಬೈಲ್‌ಗಳಲ್ಲಿ ಚಿತ್ರ ಬರುತ್ತದೆ. ಪರದೆಯ ಮೇಲಿನ ಪುಟ್ಟ ಚುಕ್ಕಿಯನ್ನು ಹುಡುಕುವ ಕಷ್ಟವಿಲ್ಲ.

ನಾಲ್ಕು ವಾರಗಳಿಗೆ ನಮ್ಮ ಜಿಲ್ಲೆಯ ನಾಲ್ಕು ಊರುಗಳ ಹೆಸರಿಟ್ಟಿದ್ದೇವೆ. ಆಯಾ ಊರಿನವರೇ ಆಡಬೇಕೆಂದೇನೂ ಇಲ್ಲ. ಎಲ್ಲರೂ ನಾಲ್ಕೂ ವಾರ ಆಡಬಹುದು.

ಮೊದಲ ವಾರ: ಚಿಕ್ಕಬಳ್ಳಾಪುರದ ಬೆಳಕು

ಚಿಕ್ಕಬಳ್ಳಾಪುರದ ಮಹಡಿಗಳಿಂದ ನೈಋತ್ಯಕ್ಕೆ ತಿರುಗಿದರೆ ನಂದಿಬೆಟ್ಟದ ಸಾಲು ಕಾಣುತ್ತದೆ. ಅದನ್ನು ಒಂದೇ ಜಾಗದಲ್ಲಿ ನಿಂತು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ತೆಗೆದು ನೋಡಿ. ಬೆಳಿಗ್ಗೆ ಬಿಸಿಲು ಬೆಟ್ಟದ ಮುಖಕ್ಕೆ ಬೀಳುತ್ತದೆ, ಬಂಡೆಯ ಒಂದೊಂದು ಮಡಿಕೆಯೂ ಕಾಣುತ್ತದೆ. ಮಧ್ಯಾಹ್ನ ಅದೇ ಬೆಟ್ಟ ಬಣ್ಣ ಕಳೆದುಕೊಂಡು ಚಪ್ಪಟೆಯಾಗಿ ಮಲಗಿರುತ್ತದೆ. ಸಂಜೆ ಸೂರ್ಯ ಹಿಂದೆ ಸರಿದಾಗ ಬರೀ ಕಪ್ಪು ಅಂಚು. ಬೆಟ್ಟ ಬದಲಾಗಲಿಲ್ಲ, ಬೆಳಕು ಬದಲಾಯಿತು. ಫೋಟೋ ಎಂದರೆ ಬೆಳಕಿನ ಬರಹ ಎನ್ನುವುದು ಇದಕ್ಕೇ.

ಮನುಷ್ಯರ ಮುಖಕ್ಕೂ ಇದೇ ಲೆಕ್ಕ. ತಲೆಯ ಮೇಲಿನ ಟ್ಯೂಬ್‌ಲೈಟ್ ಕಣ್ಣಿನ ಕೆಳಗೆ ನೆರಳು ಬೀಳಿಸುತ್ತದೆ. ಬಾಗಿಲ ಪಕ್ಕ ಕೂರಿಸಿ, ಹೊರಗಿನ ಬೆಳಕು ಒಂದು ಕೆನ್ನೆಯ ಮೇಲೆ ಬೀಳುವಂತೆ ಮಾಡಿ. ಅಜ್ಜಿಯ ಮುಖದ ಗೆರೆಗಳೆಲ್ಲ ಅಂದವಾಗಿ ಬರುತ್ತವೆ. ಮುಖದ ಮೇಲೆ ಬೆರಳಿಟ್ಟು ಒಮ್ಮೆ ತಟ್ಟಿದರೆ ಮೊಬೈಲ್ ಅಲ್ಲಿಗೇ ಗಮನ ಕೊಡುತ್ತದೆ.

ಈ ವಾರದ ಚೀಟಿಗಳು:

1. ಕಿಟಕಿ ಅಥವಾ ಬೆಳಕಿಂಡಿಯಿಂದ ನೆಲಕ್ಕೆ ಬಿದ್ದ ಬಿಸಿಲು.
2. ನೆರಳು ಮಾತ್ರ. ವಸ್ತು ಕಾಣಬಾರದು.
3. ಹಿತ್ತಾಳೆ ಅಥವಾ ಸ್ಟೀಲ್ ಬಿಂದಿಗೆಯ ಹೊಟ್ಟೆಯಲ್ಲಿ ಕಾಣುವ ಮನೆ.
4. ಒಂದೇ ಸೇವಂತಿಗೆ ಹೂವು, ಮೂರು ಕಡೆಯ ಬೆಳಕಿನಲ್ಲಿ: ಎದುರಿನಿಂದ, ಪಕ್ಕದಿಂದ, ಹಿಂದಿನಿಂದ.
5. ಒಂದು ದೀಪ, ಬೇರೆ ಬೆಳಕಿಲ್ಲದೆ.
6. ಅಡುಗೆಮನೆಯ ಹಬೆ. ಕಿಟಕಿಗೆ ಎದುರಾಗಿ ನಿಂತು ತೆಗೆಯಿರಿ. ಬೆಳಕು ಹಬೆಯ ಹಿಂದಿನಿಂದ ಬಂದರೆ ಅದು ಚೆನ್ನಾಗಿ ಕಾಣುತ್ತದೆ.
7. ಸೂರ್ಯ ಹುಟ್ಟಿದ ಮೇಲೆ ಬೆಳಗಿದ ಮೊದಲ ಗೋಡೆ.

ಮೊದಲ ಚೀಟಿಯ ದಿನ ಹಂಚಿನ ಮನೆಯವರು ಒಂದು ಸೋಜಿಗ ಗಮನಿಸಿ. ಹಂಚಿನ ಸಂದಿ ಎಂಥ ಆಕಾರದ್ದಾದರೂ, ಅದು ಸಣ್ಣದಾಗಿದ್ದರೆ ನೆಲದ ಮೇಲೆ ಬೀಳುವ ಬೆಳಕು ದುಂಡಗೋ ಮೊಟ್ಟೆಯಾಕಾರಕ್ಕೋ ಇರುತ್ತದೆ. ಯಾಕೆಂದರೆ ಅದು ಸಂದಿಯ ಆಕಾರವಲ್ಲ, ಸೂರ್ಯನ ಚಿತ್ರ! ಮೂರು ಮೀಟರ್ ದೂರದಿಂದ ಬಿದ್ದರೆ ಆ ಬಿಲ್ಲೆ ಸುಮಾರು ಮೂರು ಸೆಂಟಿಮೀಟರ್ ಅಗಲ ಇರುತ್ತದೆ. ಸೂರ್ಯಗ್ರಹಣದ ದಿನ ಅದೇ ಬಿಲ್ಲೆ ಕಚ್ಚಿದ ದೋಸೆಯಂತಾಗುತ್ತದೆ. ಕ್ಯಾಮೆರಾ ಹುಟ್ಟುವ ಎಷ್ಟೋ ಮೊದಲೇ ನಮ್ಮ ಹಂಚಿನ ಮನೆಗಳು ಕ್ಯಾಮೆರಾಗಳಾಗಿದ್ದವು.

ಎರಡನೆಯ ವಾರ: ಶಿಡ್ಲಘಟ್ಟದ ಬೆಳವಣಿಗೆ

ಈ ವಾರ ಒಂದೇ ಚೀಟಿ. ಏಳು ದಿನವೂ ಅದೇ: ‘ಬೆಳೆಯುತ್ತಿರುವ ಒಂದು ಜೀವ, ಅದೇ ಜಾಗದಿಂದ, ಅದೇ ಹೊತ್ತಿಗೆ.’

ರೇಷ್ಮೆಗೂಡಿನ ಮಾರುಕಟ್ಟೆಗೆ ಹೆಸರಾದ ಶಿಡ್ಲಘಟ್ಟದ ಸುತ್ತಮುತ್ತ ಮನೆಯೊಳಗೇ ಇದಕ್ಕಿಂತ ಒಳ್ಳೆಯ ವಿಷಯ ಬೇರೆಲ್ಲಿ ಸಿಗುತ್ತದೆ? ಮೊಟ್ಟೆಯೊಡೆದು ಬರುವ ರೇಷ್ಮೆ ಹುಳು ಸುಮಾರು ಮೂರು ಮಿಲಿಮೀಟರ್ ಉದ್ದದ ಕಪ್ಪು ಎಳೆ. ಹಿಪ್ಪುನೇರಳೆ ಸೊಪ್ಪು ತಿಂದು ತಿಂದು ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಬೆರಳುದ್ದವಾಗುತ್ತದೆ. ತೂಕ ಹತ್ತು ಸಾವಿರ ಪಟ್ಟಿನಷ್ಟು ಹೆಚ್ಚುತ್ತದೆ. ನಡುವೆ ನಾಲ್ಕು ಸಲ ಪೊರೆ ಬಿಡುತ್ತದೆ. ಆಗೆಲ್ಲ ತಿನ್ನುವುದು ನಿಲ್ಲಿಸಿ ತಲೆಯೆತ್ತಿ ಅಲುಗದೆ ಇರುತ್ತದೆ. ಅದನ್ನು ರೈತರು ‘ಜ್ವರ’ ಎನ್ನುತ್ತಾರೆ. ಒಂದನೇ ಜ್ವರ, ಎರಡನೇ ಜ್ವರ ಎಂದು ಎಣಿಸುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಹುಳುಗಳು ಸೊಪ್ಪು ಮೇಯುವ ಸದ್ದು ಮಳೆ ಹನಿಯಂತೆ ಕೇಳುತ್ತದೆ. ಹಣ್ಣಾದ ಹುಳುವನ್ನು ಚಂದ್ರಿಕೆಗೆ ಬಿಟ್ಟರೆ ಎರಡು-ಮೂರು ದಿನಗಳಲ್ಲಿ ಗೂಡು ಕಟ್ಟಿ ಮುಗಿಸುತ್ತದೆ.

ಇಷ್ಟನ್ನು ದಿನಾ ನೋಡುವ ಮನೆಯವರಿಗೆ ಇದೇನೂ ಹೊಸತಲ್ಲ. ಆದರೆ ಮರಿಯಿಂದ ಗೂಡಿನವರೆಗಿನ ಚಿತ್ರಗಳ ಸಾಲು ಎಷ್ಟು ಮನೆಯಲ್ಲಿದೆ? ಏಳು ದಿನ ಮುಗಿದ ಮೇಲೂ ಬಿಡಲು ಮನಸ್ಸಾಗದಿದ್ದರೆ ಗೂಡು ಬಿಡಿಸುವ ದಿನದವರೆಗೂ ಮುಂದುವರಿಸಿ. ಆ ಸಾಲನ್ನು ಶಾಲೆಗೆ ಒಯ್ದರೆ ವಿಜ್ಞಾನದ ಪಾಠವೇ ಆಗುತ್ತದೆ.

ಹುಳು ಸಾಕುವ ಮನೆಯಲ್ಲಿ ಚಿತ್ರ ತೆಗೆಯುವವರು ಹಿರಿಯರನ್ನು ಕೇಳಿಯೇ ಒಳಗೆ ಹೋಗಬೇಕು. ಕೈ ತೊಳೆದಿರಬೇಕು, ಬಾಗಿಲಲ್ಲಿ ಹಾಕಿರುವ ಸುಣ್ಣದ ಪುಡಿಯನ್ನು ತುಳಿದೇ ದಾಟಬೇಕು. ಸೆಂಟು, ಸೊಳ್ಳೆ ಔಷಧಿಯ ವಾಸನೆ ಮೈಮೇಲೆ ಇರಬಾರದು. ಹುಳುವಿಗೆ ಕಟುವಾದ ಬೆಳಕು ಆಗುವುದಿಲ್ಲ, ಆದ್ದರಿಂದ ಫ್ಲ್ಯಾಶ್ ಬೇಡವೇ ಬೇಡ. ಒಂದು ಬೆಳೆ ಕೆಟ್ಟರೆ ಮನೆಯ ತಿಂಗಳ ದುಡಿಮೆಯೇ ಹೋಗುತ್ತದೆ. ಚಿತ್ರಕ್ಕಿಂತ ಹುಳು ದೊಡ್ಡದು.

ಹುಳು ಇಲ್ಲದ ಮನೆಯವರು ತೆಂಗಿನ ಚಿಪ್ಪಿನಲ್ಲಿ ಮೆಂತ್ಯ ಬಿತ್ತಿ, ಅಥವಾ ಒದ್ದೆ ಬಟ್ಟೆಯಲ್ಲಿ ಹೆಸರುಕಾಳು ಕಟ್ಟಿ. ಚಿಪ್ಪು ಇಟ್ಟ ಜಾಗಕ್ಕೆ ಸೀಮೆಸುಣ್ಣದಿಂದ ಗುರುತು ಹಾಕಿ. ಮೊಬೈಲ್ ಇಡುವ ಜಾಗಕ್ಕೂ ಇನ್ನೊಂದು ಗುರುತು. ಪಕ್ಕದಲ್ಲಿ ಶಾಲೆಯ ಸ್ಕೇಲ್ ನಿಲ್ಲಿಸಿದರೆ ದಿನಕ್ಕೆ ಎಷ್ಟು ಬೆಳೆಯಿತೆಂದು ಚಿತ್ರವೇ ಹೇಳುತ್ತದೆ. ಜಾಗ ಕದಲದಿದ್ದರೆ ಮಾತ್ರ ಬದಲಾವಣೆ ಕಾಣುತ್ತದೆ ಎನ್ನುವುದು ಈ ವಾರದ ಪಾಠ.

ಮೂರನೆಯ ವಾರ: ಚಿಂತಾಮಣಿಯ ಕೈಗಳು

ಚಿಂತಾಮಣಿಯ ಮಾರುಕಟ್ಟೆಗೆ ಬೆಳಿಗ್ಗೆ ಹೋದವರಿಗೆ ಗೊತ್ತು, ಅಲ್ಲಿ ಮುಖಗಳಿಗಿಂತ ಕೈಗಳೇ ಹೆಚ್ಚು ಮಾತಾಡುತ್ತವೆ. ಟೊಮೆಟೊ ಆರಿಸುವ ಕೈ, ಮಾವಿನ ಕಾಯಿ ಅದುಮಿ ನೋಡುವ ಕೈ, ಹಣ ಎಣಿಸುವ ಕೈ. ಆ ತರಕಾರಿ ಮನೆಗೆ ಬಂದ ಮೇಲೆ ಕೆಲಸ ಮುಂದುವರಿಸುವುದೂ ಕೈಗಳೇ. ಈ ವಾರ ಮುಖ ಬೇಡ, ಕೈ ಮಾತ್ರ. ಕ್ಯಾಮೆರಾ ಕಂಡರೆ ನಾಚುವ ಅಜ್ಜಿಯರಿಗೂ ಇದು ಅನುಕೂಲ. ಅವರು ಕೆಲಸ ಮಾಡುತ್ತಲೇ ಇರಬಹುದು, ಸೆರಗು ಸರಿಮಾಡಿಕೊಳ್ಳುವ ಗೋಜಿಲ್ಲ.

ಈ ವಾರದ ಚೀಟಿಗಳು:

1. ಬಿಡಿಸುವ ಕೈ: ಕಡಲೆಕಾಯಿ, ಅವರೆಕಾಯಿ, ಹುಣಸೆಹಣ್ಣು, ಆ ಕಾಲಕ್ಕೆ ಏನಿದೆಯೋ ಅದು.
2. ಮುದ್ದೆ ಕಟ್ಟುವ ಕೈ.
3. ಹೂ ಕಟ್ಟುವ ಬೆರಳು. ನೂಲು ಎಲ್ಲಿ ಸುತ್ತುತ್ತದೆ ಎಂಬುದು ಕಾಣಬೇಕು.
4. ಬರೆಯುವ ಕೈ: ಅಜ್ಜ ತಮ್ಮ ಹೆಸರು ಬರೆಯುತ್ತಿರಲಿ.
5. ರಿಪೇರಿ ಮಾಡುವ ಕೈ: ಗುಂಡಿ ಹೊಲಿಯುವುದು, ಕೊಡಲಿಗೆ ಕಾವು ಹಾಕುವುದು, ಸೈಕಲ್ ಚೈನ್ ಕೂರಿಸುವುದು.
6. ಸಂತೆಯ ಚೀಲದಲ್ಲಿ ಬಂದದ್ದನ್ನೆಲ್ಲ ಬಣ್ಣದ ಪ್ರಕಾರ ಚಾಪೆಯ ಮೇಲೆ ಜೋಡಿಸಿದ ಕೈ.
7. ಮನೆಯ ಅತಿ ಹಿರಿಯರ ಕೈ ಮತ್ತು ಅತಿ ಕಿರಿಯರ ಕೈ, ಒಟ್ಟಿಗೆ.

ಸಾಮಾನ್ಯ ಜನರ ಸಾಮಾನ್ಯ ಕೆಲಸ ಚಿತ್ರಕ್ಕೆ ಯೋಗ್ಯವೇ ಎಂಬ ಅನುಮಾನವಿದ್ದರೆ ಮೈಸೂರಿನ ಟಿ.ಎಸ್.ಸತ್ಯನ್ ಅವರನ್ನು ನೆನೆಯಿರಿ. 1923ರಲ್ಲಿ ಹುಟ್ಟಿ 2009ರಲ್ಲಿ ತೀರಿಕೊಂಡ ಸತ್ಯನ್, ದೇಶದ ದೊಡ್ಡ ಪತ್ರಿಕಾ ಛಾಯಾಗ್ರಾಹಕರಲ್ಲಿ ಒಬ್ಬರು. ಅಮೆರಿಕದ ‘ಲೈಫ್’ ಪತ್ರಿಕೆಗೂ ಚಿತ್ರ ಕೊಟ್ಟವರು. 1977ರಲ್ಲಿ ಪದ್ಮಶ್ರೀ ಬಂತು. ಪ್ರಧಾನಿಗಳನ್ನೂ ಗಣ್ಯರನ್ನೂ ಚಿತ್ರಿಸಿದರು, ನಿಜ. ಆದರೆ ಅವರ ಮನಸ್ಸು ಇದ್ದದ್ದು ಬೀದಿಯ ಮಕ್ಕಳು, ದುಡಿಯುವ ಹೆಂಗಸರು, ಶಾಲೆಯ ಅಂಗಳಗಳ ಮೇಲೆ. 1979 ಅಂತರರಾಷ್ಟ್ರೀಯ ಮಕ್ಕಳ ವರ್ಷ. ಆ ಸಂದರ್ಭದಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕೇಂದ್ರ ಕಚೇರಿಯಲ್ಲಿ ಪ್ರದರ್ಶನಗೊಂಡದ್ದು ಸತ್ಯನ್ ತೆಗೆದ ಮಕ್ಕಳ ಚಿತ್ರಗಳು. ನಮ್ಮ ಬೀದಿಗಳಲ್ಲಿ ಆಡುವಂಥ ಮಕ್ಕಳನ್ನೇ ಅಷ್ಟು ದೂರದವರು ನಿಂತು ನೋಡಿದರು.

ಕೈಯ ಚಿತ್ರ ತೆಗೆಯುವಾಗ ಒಂದು ಗುಟ್ಟು: ಕೆಲಸದ ನಡುವೆ ಕೈ ಒಂದು ಕ್ಷಣ ನಿಲ್ಲುತ್ತದೆ. ಮುದ್ದೆ ಉಂಡೆಯಾದ ಕ್ಷಣ, ಗಂಟು ಬಿಗಿಯಾದ ಕ್ಷಣ. ಎರಡು ಸಲ ಸುಮ್ಮನೆ ನೋಡಿ, ಮೂರನೆಯ ಸಲ ಆ ಕ್ಷಣಕ್ಕೆ ಕಾದು ಒತ್ತಿ. ನೋಡಲು ಕಲಿತವರಿಗೆ ತೆಗೆಯುವುದು ಸುಲಭ. ಹಾಗೆ ನೋಡುತ್ತಾ ನೋಡುತ್ತಾ ಮುದ್ದೆ ಕಟ್ಟುವುದನ್ನೇ ಕಲಿತರೆ ಅದು ಆಟದ ಮೇಲಿನ ಲಾಭ.

ನಾಲ್ಕನೆಯ ವಾರ: ಗೌರಿಬಿದನೂರಿನ ಪ್ರಶ್ನೆಗಳು

ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂದು ವಿದ್ಯಾರ್ಥಿಗಳಿಗೆ ಬದುಕಿನುದ್ದಕ್ಕೂ ಹೇಳಿದ ಡಾ. ಎಚ್.ನರಸಿಂಹಯ್ಯನವರು ಹುಟ್ಟಿದ್ದು ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ, 1920ರಲ್ಲಿ. ಅವರ ಊರಿನ ಹೆಸರಿನ ಈ ವಾರ, ಚಿತ್ರಕ್ಕಿಂತ ಪ್ರಶ್ನೆಯೇ ಮುಖ್ಯ. ಪ್ರತಿ ಚಿತ್ರದ ಜೊತೆ ಅಜ್ಜ-ಅಜ್ಜಿಗೆ ಒಂದಾದರೂ ಪ್ರಶ್ನೆ ಕೇಳಲೇಬೇಕು. ಉತ್ತರ ನೋಟ್‌ಬುಕ್ಕಿಗೆ ಹೋಗಬೇಕು.

ಈ ವಾರದ ಚೀಟಿಗಳು:

1. ಮೂಲೆ ಸೇರಿದ ವಸ್ತು: ಒರಳು, ಬೀಸುವ ಕಲ್ಲು, ಸೇರು, ಪಾವು, ಲಾಟೀನು. ಕೊನೆಯ ಸಲ ಬಳಸಿದ್ದು ಯಾವಾಗ?
2. ಮನೆಯ ಅತಿ ಹಳೆಯ ಕೀಲಿಕೈ. ಅದು ತೆಗೆಯುತ್ತಿದ್ದದ್ದು ಯಾವ ಬಾಗಿಲನ್ನು?
3. ಹಳೆಯ ಮದುವೆಯ ಕರೆಯೋಲೆ. ಅದರಲ್ಲಿರುವ ಹೆಸರುಗಳು ಯಾರವು?
4. ಈಗ ಇಲ್ಲದ ಒಂದರ ಜಾಗ: ಮುಚ್ಚಿದ ಬಾವಿ, ಕೊಟ್ಟಿಗೆ ಇದ್ದ ಹಿತ್ತಲು, ಕಡಿದ ಮರದ ಬುಡ.
5. ಅಜ್ಜಿ ದಿನಾ ಕೂರುವ ಜಾಗ, ಅಜ್ಜಿ ಇಲ್ಲದಾಗ. ಅದೇ ಜಾಗ ಯಾಕೆ?
6. ಆಲ್ಬಂನಲ್ಲಿ ಹೆಸರು ಗೊತ್ತಿಲ್ಲದ ಮುಖವಿರುವ ಒಂದು ಫೋಟೋ.
7. ಮೊಮ್ಮಗುವಿನ ಚಿತ್ರ. ತೆಗೆಯಬೇಕಾದವರು ಅಜ್ಜ ಅಥವಾ ಅಜ್ಜಿ.

ನಮ್ಮದು ಗಡಿ ಸೀಮೆ. ಅನೇಕ ಮನೆಗಳಲ್ಲಿ ಕನ್ನಡವೂ ತೆಲುಗೂ ಒಂದೇ ಒಲೆಯ ಮೇಲೆ ಬೇಯುತ್ತವೆ. ಹಾಗಾಗಿ ಮೊದಲ ಚೀಟಿಯ ವಸ್ತುವಿಗೆ ಮನೆಯಲ್ಲಿ ಎಷ್ಟು ಹೆಸರಿದೆಯೋ ಅಷ್ಟನ್ನೂ ಬರೆಯಿರಿ. ವಸ್ತು ಹೋದರೆ ಅದರ ಹೆಸರೂ ಹಿಂದೆಯೇ ಹೋಗುತ್ತದೆ. ಪಾವು ಕಾಣದ ಮಗುವಿಗೆ ಪಾವು ಎಂಬ ಮಾತು ಯಾಕೆ ಬೇಕು? ಚಿತ್ರ ಮತ್ತು ಹೆಸರು ಜೊತೆಗಿದ್ದರೆ ಎರಡೂ ಉಳಿಯುತ್ತವೆ.

ನಾಲ್ಕನೆಯ ಚೀಟಿಗೆ ಗೌರಿಬಿದನೂರಿನವರಿಗೆ ಮನೆಯ ಹೊರಗೂ ಒಂದು ಜಾಗವಿದೆ. ಊರು ಇರುವುದು ಉತ್ತರ ಪಿನಾಕಿನಿಯ ದಂಡೆಯಲ್ಲಿ. ನಂದಿಯ ಬೆಟ್ಟಸಾಲಿನಲ್ಲಿ ಹುಟ್ಟುವ ಈ ನದಿ ವರ್ಷದ ಹೆಚ್ಚಿನ ಕಾಲ ಒಣಗಿಯೇ ಇರುತ್ತದೆ. ಅಜ್ಜನ ಜೊತೆ ಹೋಗಿ ‘ನೀವು ಕಂಡಾಗ ನೀರು ಎಲ್ಲಿಯವರೆಗೆ ಬರುತ್ತಿತ್ತು?’ ಎಂದು ಕೇಳಿ. ಅವರು ಕೈ ತೋರಿಸುವ ಜಾಗವನ್ನು, ಆ ಕೈ ಸಮೇತ ತೆಗೆಯಿರಿ. ತಾಲ್ಲೂಕಿನ ವಿದುರಾಶ್ವತ್ಥದಲ್ಲಿ 1938ರ ಏಪ್ರಿಲ್ 25ರಂದು ಸ್ವಾತಂತ್ರ್ಯ ಹೋರಾಟಕ್ಕೆ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಪುಸ್ತಕದಲ್ಲಿ ಅದು ಒಂದು ಪ್ಯಾರಾ. ಆ ದಿನದ ಬಗ್ಗೆ ನಿಮ್ಮ ಮುತ್ತಜ್ಜ ಏನಾದರೂ ಹೇಳಿದ್ದರೇ, ಅಜ್ಜನಿಗೆ ಅದು ನೆನಪಿದೆಯೇ ಎಂದು ಕೇಳಿ. ಊರಿನ ಚರಿತ್ರೆಯ ಒಂದು ತುದಿ ನಿಮ್ಮ ಹಜಾರದಲ್ಲೇ ಇರಬಹುದು.

ಆರನೆಯ ಚೀಟಿಗೆ ಸ್ವಲ್ಪ ಹೆಚ್ಚು ಹೊತ್ತು ಇಟ್ಟುಕೊಳ್ಳಿ. ಹಳೆಯ ಫೋಟೋಗಳ ದೊಡ್ಡ ಕಷ್ಟ ಬಣ್ಣ ಮಾಸುವುದಲ್ಲ, ಹೆಸರು ಮಾಸುವುದು. ಗುಂಪಿನಲ್ಲಿ ನಿಂತ ಹನ್ನೆರಡು ಜನರಲ್ಲಿ ಎಂಟು ಜನರನ್ನು ಅಜ್ಜಿ ಗುರುತಿಸುತ್ತಾರೆ, ಅಪ್ಪ ನಾಲ್ವರನ್ನು, ನೀವು ಒಬ್ಬರನ್ನು. ಅಜ್ಜಿ ಹೇಳುವಾಗ ಬರೆದುಕೊಳ್ಳದಿದ್ದರೆ ಆ ಉಳಿದವರು ಇನ್ನು ಯಾರಿಗೂ ಯಾರೂ ಅಲ್ಲ. ಬೆರಳಿಟ್ಟು ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಕೇಳಿ. ಒಬ್ಬರು ಮರೆತದ್ದನ್ನು ಪಕ್ಕದ ಬೀದಿಯ ದೊಡ್ಡಮ್ಮ ನೆನಪಿಸಬಹುದು. ಅವರ ಮನೆಗೂ ಆಲ್ಬಂ ಒಯ್ಯಿರಿ.

ಉಳಿಸಿಕೊಳ್ಳುವ ಬಗೆ

ತಿಂಗಳ ಕೊನೆಗೆ ನಿಮ್ಮ ಬಳಿ 28 ಚಿತ್ರ ಇರುತ್ತವೆ. ಅವು ಮೊಬೈಲಿನಲ್ಲೇ ಇದ್ದರೆ ಮೊಬೈಲ್ ಕೆಟ್ಟ ದಿನ ಅವೂ ಹೋದವು. ಇನ್ನೊಂದು ಮೊಬೈಲಿಗೋ ಕಂಪ್ಯೂಟರಿಗೋ ಪ್ರತಿ ಮಾಡಿಡಿ. ಸಾಧ್ಯವಾದರೆ ಊರಿನ ಸ್ಟುಡಿಯೋದಲ್ಲಿ ನಾಲ್ಕು-ಆರು ಇಂಚಿನ ಪ್ರಿಂಟ್ ಹಾಕಿಸಿ. ಎಲ್ಲಕ್ಕೂ ದುಡ್ಡಾಗದಿದ್ದರೆ ವಾರಕ್ಕೆ ಒಂದರಂತೆ ನಾಲ್ಕಾದರೂ ಸಾಕು.

ಪ್ರಿಂಟಿನ ಹಿಂದೆ ಬರೆಯುವಾಗ ಬಾಲ್‌ಪೆನ್ ಬೇಡ. ಒತ್ತಿ ಬರೆದರೆ ಮುಂದಕ್ಕೆ ಗೆರೆ ಮೂಡುತ್ತದೆ, ಮಸಿ ಪಕ್ಕದ ಚಿತ್ರಕ್ಕೂ ಅಂಟಬಹುದು. ಮೆತ್ತನೆಯ ಪೆನ್ಸಿಲಿನಿಂದ ಹಗುರವಾಗಿ ಬರೆಯಿರಿ. ಹಳೆಯ ಆಲ್ಬಂನಲ್ಲಿ ಅಂಟಿಕೊಂಡಿರುವ ಫೋಟೋಗಳನ್ನು ಕಿತ್ತು ತೆಗೆಯಲು ಹೋಗಬೇಡಿ, ಹರಿದೀತು. ಪುಟವನ್ನು ಹಾಗೆಯೇ ಕಿಟಕಿಯ ಬಳಿ, ನೇರ ಬಿಸಿಲು ಬೀಳದ ಕಡೆ ಇಟ್ಟು ಮೇಲಿನಿಂದ ಚಿತ್ರ ತೆಗೆದುಕೊಳ್ಳಿ. ಗೋಡೆಗೆ ತೂಗುಹಾಕಿದ ಫೋಟೋಗೆ ಬಿಸಿಲು ಬೀಳುತ್ತಿದ್ದರೆ ಜಾಗ ಬದಲಿಸಿ.

ಇನ್ನು ಕೆಲವು ಎಚ್ಚರಿಕೆಗಳು. ಮನೆಯವರಾದರೂ ಕೇಳಿಯೇ ತೆಗೆಯಿರಿ. ‘ಬೇಡ’ ಎಂದರೆ ಬೇಡ. ಕಾಯಿಲೆಯಲ್ಲಿ ಮಲಗಿದವರನ್ನು, ಸ್ನಾನದ ನಂತರ ತಲೆ ಒಣಗಿಸಿಕೊಳ್ಳುತ್ತಿರುವವರನ್ನು ಹೇಳದೆ ತೆಗೆಯಬಾರದು. ಬ್ಯಾಂಕ್ ಪಾಸ್‌ಬುಕ್, ಆಧಾರ್ ಕಾರ್ಡ್ ಚಿತ್ರದ ಮೂಲೆಯಲ್ಲೂ ಕಾಣಬಾರದು. ಮಹಡಿಯ ಅಂಚಿನಲ್ಲಿ ಪರದೆ ನೋಡುತ್ತಾ ಹಿಂದೆ ಹಿಂದೆ ಹೆಜ್ಜೆ ಇಡಬೇಡಿ. ಸೂರ್ಯನನ್ನು ನೇರವಾಗಿ ನೋಡಬೇಡಿ. ಈ ಚಿತ್ರಗಳು ಮನೆಗಾಗಿ. ಹೊರಗೆ ಹಂಚುವ ಮೊದಲು ಚಿತ್ರದಲ್ಲಿ ಇರುವವರೆಲ್ಲ ಒಪ್ಪಬೇಕು.

ಬಟ್ಟೆ ಹಗ್ಗದ ಪ್ರದರ್ಶನ

ತಿಂಗಳು ಮುಗಿದ ಭಾನುವಾರ ಹಜಾರದಲ್ಲಿ ಬಟ್ಟೆ ಒಣಹಾಕುವ ಹಗ್ಗ ಕಟ್ಟಿ, ಕ್ಲಿಪ್ಪು ಹಾಕಿ ಚಿತ್ರಗಳನ್ನು ಸಾಲಾಗಿ ನೇತುಹಾಕಿ. ಕೆಳಗೆ ನೋಟ್‌ಬುಕ್ಕಿನ ಮಾತುಗಳನ್ನು ಚೀಟಿಯಲ್ಲಿ ಬರೆದು ಸಿಕ್ಕಿಸಿ. ಅಕ್ಕಪಕ್ಕದವರನ್ನು ಕರೆಯಿರಿ, ಕಾಫಿ ಕೊಡಿ. ಯಾವ ಚಿತ್ರದ ಮುಂದೆ ಜನ ಹೆಚ್ಚು ಹೊತ್ತು ನಿಲ್ಲುತ್ತಾರೆ ಎಂದು ದೂರದಿಂದ ಗಮನಿಸಿ. ಅದು ಅತಿ ಚೆಂದದ ಚಿತ್ರವೇ ಆಗಿರಬೇಕೆಂದಿಲ್ಲ. ಸ್ವಲ್ಪ ಅಲುಗಿದ, ಆದರೆ ‘ಅಯ್ಯೋ, ಇದು ನಮ್ಮಮ್ಮನ ಕೈ ಇದ್ದಂಗೇ ಇದೆ’ ಎಂದು ಯಾರನ್ನೋ ನಿಲ್ಲಿಸಿದ ಚಿತ್ರವೇ ಆ ತಿಂಗಳ ಬಹುಮಾನದ ಚಿತ್ರ.

ಹಗ್ಗದ ಕೊನೆಯಲ್ಲಿ ಇಪ್ಪತ್ತೆಂಟನೆಯದು ಇರುತ್ತದೆ: ಅಜ್ಜಿ ತೆಗೆದ ಮೊಮ್ಮಗುವಿನ ಚಿತ್ರ. ತಲೆ ಅರ್ಧ ಕತ್ತರಿಸಿಹೋಗಿರಬಹುದು, ಒಂದು ಮೂಲೆಯಲ್ಲಿ ಅಜ್ಜಿಯ ಹೆಬ್ಬೆರಳೂ ಬಂದಿರಬಹುದು. ಅದನ್ನು ಅಳಿಸಿ ಇನ್ನೊಂದು ತೆಗೆಸಬೇಡಿ. ಮುಂದೆ ಆ ಮಗು ದೊಡ್ಡದಾಗಿ ಆಲ್ಬಂ ತಿರುವಿದಾಗ ಮೊದಲು ಹುಡುಕುವುದು ಆ ಹೆಬ್ಬೆರಳನ್ನೇ.